ಊಟ ಮಾಡಿಸುವ ಸರದಿ

ಆ ವೃದ್ಧಾಶ್ರಮದ ಅಡುಗೆಮನೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಕೈಲಾಗದವರಿಗೆ ಯಾರು ಯಾವಾಗ ಊಟ ಮಾಡಿಸಬೇಕು ಅನ್ನುವ ಸರದಿ ಅದು. ಮೂರು ದಿನಕ್ಕೊಮ್ಮೆ ಕೈ ಬದಲಾಗಲೇಬೇಕು. ದೂರದ ದೇಶದಿಂದ ಒಂದು ವರ್ಷದ ಸೇವೆಗೆಂದು ಬಂದಿದ್ದ ಹುಡುಗಿಗೆ ಈ ನಿಯಮ ಕಂಡರೆ ಆಗುತ್ತಿರಲಿಲ್ಲ. ಮುದುಕರೇನು ಕಾರ್ಖಾನೆಯ ಯಂತ್ರಗಳೇ, ಪಾಳಿ ಹಾಕಿ ನಡೆಸಲಿಕ್ಕೆ?

ಕಿಟಕಿ ಪಕ್ಕದ ಕುರುಡಜ್ಜಿಯ ಸರದಿಯನ್ನು ಅವಳು ಎಲ್ಲರಿಂದ ಬೇಡಿ ಬೇಡಿ ತನ್ನದಾಗಿಸಿಕೊಂಡಳು. ಒಂದು ಕೆಲಸ ಕಡಿಮೆಯಾಗುವುದು ಯಾರಿಗೆ ಬೇಡ, ಎಲ್ಲರೂ ಕೊಟ್ಟರು. ಹೆಬ್ಬೆರಳಿನಿಂದ ಗಲ್ಲ ಸವರಿದರೆ ಅಜ್ಜಿ ಬಾಯಿ ತೆರೆಯುತ್ತಿದ್ದಳು. ಒಂದು ಬಟ್ಟಲು ಗಂಜಿಗೆ ಮುಕ್ಕಾಲು ಗಂಟೆ. ನೆಲ ಒರೆಸಿ, ಒದ್ದೆ ಹಾಸಿಗೆ ಬದಲಿಸಿ ಸೊಂಟ ಬಿದ್ದುಹೋದ ದಿನಗಳಲ್ಲೂ ಆ ಮುಕ್ಕಾಲು ಗಂಟೆ ಅವಳಿಗೆ ಹಾಯೆನಿಸುತ್ತಿತ್ತು. “ನಾನಂದ್ರೆ ಅಜ್ಜಿಗೆ ಪಂಚಪ್ರಾಣ ಕಣಮ್ಮ” ಎಂದು ಫೋನಿನಲ್ಲಿ ಹೇಳಿಕೊಂಡಳು. ಅಮ್ಮ ಅದನ್ನು ಬೀದಿಗೆಲ್ಲ ಡಂಗುರ ಸಾರಿದಳು.

ವರ್ಷ ಮುಗಿಯಲು ಐದು ದಿನ ಇರುವಾಗ ಅವಳ ಜಾಗಕ್ಕೆ ಹೊಸಬಳೊಬ್ಬಳು ಬಂದಳು. ಅವಳೂ ಯಾವುದೋ ದೇಶದವಳು, ಇಪ್ಪತ್ತರ ಆಸುಪಾಸಿನವಳು. ಅವಳು ಚಮಚ ಹಿಡಿದರೆ ಅಜ್ಜಿ ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ. ಗಲ್ಲ ಸವರುವುದನ್ನು ಹೇಳಿಕೊಟ್ಟರೂ ಅಷ್ಟೇ. ಎರಡು ದಿನ ಹೊಟ್ಟೆಗೆ ಇಳಿದದ್ದು ಬರೀ ನೀರು.

ಹಿರಿಯ ನರ್ಸಮ್ಮ ಹುಡುಗಿಯನ್ನು ಕರೆದು, ಪರದೇಶದವಳಿಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದಳು. “ಕೈ ಯಾಕೆ ಬದಲಾಯಿಸ್ತೀವಿ ಅಂತ ಈಗ ಗೊತ್ತಾಯ್ತಾ? ನೀವು ಬರ್ತೀರಾ, ಹೋಗ್ತೀರಾ. ಅವರು ಇಲ್ಲೇ ಇರ್ತಾರೆ. ಮೂಗಿಗೆ ನಳಿಗೆ ಹಾಕೋಣ ಅಂದ್ರೆ ಆ ಮೈಗೆ ಆಗಲ್ಲ ಅಂತಾರೆ ಡಾಕ್ಟ್ರು. ನೀನು ಇನ್ನು ಆ ಕೋಣೆಗೆ ಕಾಲಿಡಬೇಡ. ನೀನಿಲ್ಲ ಅಂತ ಗೊತ್ತಾದ್ರೆ ತಿಂತಾರೇನೋ.”

ಹುಡುಗಿ ತಲೆಯಾಡಿಸಿದಳು. ನಾಚಿಕೆಯಿಂದ ಕುಗ್ಗಿಹೋಗಿದ್ದಳು. ಎರಡು ದಿನ ಬಟ್ಟೆ ಒಗೆಯುವ ಕೋಣೆಯಲ್ಲೇ ಇದ್ದು, ಅಜ್ಜಿ ಒಂದು ತುತ್ತು ತಿನ್ನಲಿ ಎಂದು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಳು.

ಹೊರಡುವ ದಿನ ಬೆಳಗ್ಗೆ ಹೊಸಬಳು ಓಡೋಡಿ ಬಂದಳು. “ಎರಡು ಚಮಚ ತಿಂದ್ರು. ನನ್ನ ಕೈಯಿಂದಾನೇ ತಿಂದ್ರು.” ಹುಡುಗಿ ಅವಳನ್ನು ತಬ್ಬಿಕೊಂಡಳು. ತಬ್ಬಿಕೊಂಡಿದ್ದಾಗಲೇ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತು. ತಾನೇ ಹೊತ್ತ ಹರಕೆ ಫಲಿಸಿದ್ದಕ್ಕೆ ಹೊಟ್ಟೆಕಿಚ್ಚು ಪಟ್ಟ ಪುಣ್ಯವಂತೆ ಅವಳೊಬ್ಬಳೇ ಇರಬೇಕು.

ಮಧ್ಯಾಹ್ನ ವ್ಯಾನು ಬರುವ ಮೊದಲು, ಬರೀ ಕೈ ಮುಟ್ಟಿ ಬರುತ್ತೇನೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಆ ಕೋಣೆಗೆ ಹೋದಳು. ಗಂಜಿ ಆರಲೆಂದು ಮೇಜಿನ ಮೇಲಿಟ್ಟು ಹೊಸಬಳು ಊಟಕ್ಕೆ ಹೋಗಿದ್ದಳು. ಅಜ್ಜಿಯ ಕೆನ್ನೆ ಒಳಗೆ ಹೋಗಿ ಮೂಳೆ ಎದ್ದಿತ್ತು. ಹುಡುಗಿಯ ಹೆಬ್ಬೆರಳು ಗಲ್ಲ ಸವರಿತು, ಬಾಯಿ ತೆರೆಯಿತು. ಅಜ್ಜಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಗಬಗಬನೆ ತಿಂದಳು. ಬಟ್ಟಲು ಬರಿದಾಗುವವರೆಗೂ ಹುಡುಗಿಗೆ ಬೇರೆ ಯಾವುದರ ಪರಿವೆಯೂ ಇರಲಿಲ್ಲ. ಅಷ್ಟು ಸುಖ ಅವಳು ಆ ವರ್ಷವಿಡೀ ಕಂಡಿರಲಿಲ್ಲ.

ತಿರುಗಿ ನೋಡಿದರೆ ಬಾಗಿಲಲ್ಲಿ ಹೊಸಬಳು, ಅವಳ ಹಿಂದೆ ನರ್ಸಮ್ಮ. ನರ್ಸಮ್ಮ ಬೈಯಲಿಲ್ಲ. ಬಟ್ಟಲನ್ನು ಇಸಿದುಕೊಂಡು ಒಳಗೊಮ್ಮೆ ನೋಡಿದಳು.

“ಮತ್ತೆ ಮೊದಲಿಂದ ಶುರು ಮಾಡ್ಬೇಕು” ಎಂದಳು ಹೊಸಬಳಿಗೆ. “ಮತ್ತೆ ನಾಲ್ಕು ದಿನ ಉಪವಾಸ. ಈ ಸಲ ಅಲ್ಲಿವರೆಗೆ ಇರ್ತಾರೋ ಇಲ್ವೋ.”

ಹುಡುಗಿ ಮಣಿಕಟ್ಟು ಬಿಡಿಸಿಕೊಳ್ಳಲು ನೋಡಿದಳು. ಅಜ್ಜಿ ಬಿಡಲಿಲ್ಲ. ಹೊಸಬಳೇ ಬಂದು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.