ಕೊಟ್ಟೂರಯ್ಯ ಮುಚ್ಚಿಟ್ಟ ಗಾಯ

ಅಡುಗೆಯವರಿಗೆ ಕೈ ಸುಡುವುದು ಹೊಸದಲ್ಲ. ಆದರೆ ಈ ಸಲ ಕೊಟ್ಟೂರಯ್ಯನ ಇಡೀ ಬಲಗೈ ಬೆಂದುಹೋಗಿತ್ತು. ಕಾಶಿಯ ಬಂಗಾಲಿ ಟೋಲಾ ಎಂಬ ಓಣಿಯಲ್ಲಿ ಕನ್ನಡ ಯಾತ್ರಿಕರು ಇಳಿಯುವ ವಸತಿಗೃಹಕ್ಕೆ ಅವನೇ ಅಡುಗೆಯವನು. ಅನ್ನ ಬಸಿಯುವಾಗ ಕುದಿಯುವ ಗಂಜಿ ಕೈಮೇಲೆ ಸುರಿದಿತ್ತು. ಚಿಕಿತ್ಸೆ ನಿಲ್ಲಿಸಿದರೆ ಬೆರಳುಗಳು ಮಡಚಿಕೊಂಡೇ ಉಳಿಯುತ್ತವೆ ಎಂದು ವೈದ್ಯರು ಹೇಳಿದ್ದರು. ಅವನೋ ಚಿಕಿತ್ಸೆಗೆ ದುಡ್ಡಿಲ್ಲ, ನಾಳೆಯೇ ಒಲೆ ಮುಂದೆ ನಿಲ್ಲುತ್ತೇನೆಂದು ಹಟ ಹಿಡಿದಿದ್ದ. ಹೆಂಡತಿ ಜಗದಾಂಬಳಿಗೆ ಜೀವ ಬಾಯಿಗೆ ಬಂದಿತ್ತು.

ನೋಡಲು ಬಂದವಳು ಪಕ್ಕದ ಮನೆಯ ವಚನಾ, ಕಾರ್ಮಿಕ ಸಂಘದಲ್ಲಿ ಓಡಾಡುವ ಹುಡುಗಿ.

"ಕಾಕಾ, ದವಾಖಾನಿಯಾಗ ಏನಂತ ಬರೆಸೀರಿ?"

"ಮನ್ಯಾಗ ಬಿಸಿನೀರು ಚೆಲ್ಲಿತು ಅಂದೆ. ಅನ್ನ ಹಾಕಿದ ಮಾಲಕರ ಹೆಸರು ಯಾಕ ಕೆಡಿಸಬೇಕವ್ವಾ?"

"ಬಿಲ್‌ಕುಲ್ ಗಲತ್, ಪೂರಾ ತಪ್ಪು! ಕೆಲಸದಾಗ ಪೆಟ್ಟಾದ್ರ ಪರಿಹಾರ ಕೊಡಬೇಕಂತ ಕಾನೂನು ಐತಿ."

"ನಂದು ನೌಕರಿ ಅಲ್ಲವ್ವಾ. ಕಾಶಿಗೆ ಬಂದೋರಿಗೆ ಅನ್ನ ಹಾಕೋ ಸೇವಾ. ಉಂಡ ಮನಿ ಜಂತಿ ಎಣಿಸಬಾರದು."

ಜಗದಾಂಬ ಸುಮ್ಮನಿರಲಾರದಾದಳು. "ಸೇವಾ ಅಂತ ಪಗಾರ ವಾಪಸ್ ಕೊಟ್ಟೀರೇನ್ರೀ? ಸೇವಾ ಮಾಡಾಕರ ಕೈ ಬೇಕಲ್ಲ!"

ಕೊಟ್ಟೂರಯ್ಯ ಕಟ್ಟು ಹಾಕಿದ ಕೈಯನ್ನು ನೋಡಿಕೊಂಡು, "ಆತು, ಹೋಗೋಣ ನಡೀರಿ," ಎಂದ. ಮರುದಿನ ಮೂವರೂ ಹೋಗಿ ವೈದ್ಯರಿಗೆ ನಿಜ ಹೇಳಿ ಬರೆಸಿದರು. ಆಮೇಲೆ ವಸತಿಗೃಹದ ಮಾಲೀಕ ಅಮರಯ್ಯನವರ ಬಳಿ ಹೋದರು. ಗಂಜಿ ಬಿದ್ದ ದಿನ ಅವರು ಊರಲ್ಲಿರಲಿಲ್ಲ. ಸುದ್ದಿ ಕೇಳಿ ಅವರ ಮುಖ ಸಣ್ಣದಾಯಿತು.

"ನಾನೇನು ತಪ್ಪು ಮಾಡೀನಿ?"

"ತಪ್ಪು ಯಾರದೂ ಅಲ್ರೀ," ಎಂದಳು ವಚನಾ. "ಕೆಲಸದಾಗ ಆದ ಗಾಯಕ್ಕ ಜವಾಬ್ದಾರಿ ಮಾತ್ರ ನಿಮ್ಮದು."

ಅಮರಯ್ಯ ಎದ್ದು ಬಂದು ಕಟ್ಟು ಹಾಕಿದ ಆ ಕೈಯನ್ನು ನೋಡಿದರು. "ನನಗ ಗೊತ್ತಿರಲಿಲ್ಲವ್ವಾ. ಕೊಟ್ಟೂರಯ್ಯಾ, ಮೊದಲು ಕೈ ನೆಟ್ಟಗಾಗಲಿ," ಎಂದರು. ಚಿಕಿತ್ಸೆಯ ಖರ್ಚನ್ನೂ ಕೆಲಸ ತಪ್ಪಿದ ದಿನಗಳ ಪರಿಹಾರವನ್ನೂ ಅವರು ಕೊಟ್ಟರು.

ಕೆಲವು ತಿಂಗಳಾದ ಮೇಲೆ ಕೊಟ್ಟೂರಯ್ಯ ಅದೇ ಕೈಯಿಂದ ರೊಟ್ಟಿ ಬಡಿದ. ಬೆರಳುಗಳು ಐದೂ ಆಡುತ್ತಿದ್ದವು. ಮೊದಲ ರೊಟ್ಟಿ ವಚನಾಳಿಗೆ ಹೋಯಿತು. ಜಗದಾಂಬ ಆ ದಿನ ವಿಶ್ವನಾಥನಿಗಿಂತ ಮೊದಲು ಆ ಹುಡುಗಿಗೇ ಕೈಮುಗಿದಳು.

ಅಕ್ಕಂದಿರೇ, ಅಣ್ಣಂದಿರೇ, ಕೆಲಸದಲ್ಲಿ ಗಾಯವಾದರೆ ಮುಚ್ಚಿಡಬೇಡಿ. ಎಲ್ಲಿ, ಹೇಗೆ ಆಯಿತೆಂದು ವೈದ್ಯರಿಗೆ ನಿಜ ಹೇಳಿ. ಮಾಲೀಕರಿಗೆ ಕೂಡಲೇ ಬರೆದು ತಿಳಿಸಿ. ನೌಕರರ ವಿಮೆಯಾದ ಇಎಸ್‌ಐ ಇದ್ದರೆ ಅದರ ಕಚೇರಿಯಲ್ಲಿ ಕೇಳಿ. ಅದು ಇಲ್ಲದಿದ್ದು, ಮಾಲೀಕರೂ ಪರಿಹಾರಕ್ಕೆ ಒಪ್ಪದಿದ್ದರೆ, ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಪರಿಹಾರದ ಅರ್ಜಿಗೆ ಗಾಯವಾದ ದಿನದಿಂದ ಎರಡು ವರ್ಷದ ಗಡುವಿದೆ, ಆದರೂ ತಡ ಮಾಡಬೇಡಿ. ಅನ್ನ ಕೊಟ್ಟವರ ಋಣ ದೊಡ್ಡದು, ನಿಜ. ಆದರೆ ಅದು ನಿಮ್ಮ ಕೈಯನ್ನೇ ಕೊಟ್ಟು ತೀರಿಸುವ ಋಣವಲ್ಲ.