ಬೂಟಿನ ಎಣ್ಣೆಸ್ನಾನ

ನಮ್ಮ ಅಥಣಿಯಲ್ಲಿ ಹೊಸ ಚಪ್ಪಲಿ ಮನೆಗೆ ಬಂದರೆ ಮೊದಲು ಎಣ್ಣೆ ಕುಡಿಸುತ್ತೇವೆ. ತೊಗಲು ಮೆತ್ತಗಾಗುತ್ತದೆ, ಕಾಲು ಕಚ್ಚುವುದಿಲ್ಲ. ನೆರೆಮನೆಯ ಕಸ್ತೂರೆವ್ವ ಎಂಬತ್ತೆಂಟರ ದೀಪಾವಳಿಯ ಮುಂಜಾನೆ ಮಾಡಿದ್ದೂ ಅದನ್ನೇ. ಆದರೆ ಅದು ಚಪ್ಪಲಿಯಲ್ಲ, ಹಬ್ಬಕ್ಕೆ ಬಂದಿದ್ದ ಹೊಸ ಅಳಿಯ ರಾವಸಾಹೇಬನ ಬೂಟು.

"ಬಾಯಾರ, ಲಗೂನ ಬರ್ರಿ!" ಎಂದು ಗೋಡೆಯಾಚೆಯಿಂದ ನನ್ನನ್ನು ಕೂಗಿದಳು. ಹೋದೆ. ಕಟ್ಟೆಯ ಮೇಲೆ ಒಂದು ಬೂಟು ಮರಳಿನ ಬಣ್ಣದ್ದು, ಮಖಮಲ್ಲಿನಂತಿತ್ತು. ಇನ್ನೊಂದು ಒದ್ದೆ ಬೆಲ್ಲದ ಹಾಗೆ ಕಪ್ಪಗಾಗಿತ್ತು. ಪಕ್ಕದಲ್ಲಿ ಅಳಿಯನ ಮೈಗೆ ಹಚ್ಚಲು ಕಾಸಿದ ಎಣ್ಣೆಯ ಬಟ್ಟಲು.

"ತೊಗಲು ಉಲ್ಟಾ ಹಾಕಿ ಹೊಲದಾರಂತ ತಿಳದ್ನಿರಿ. ಒಣಗಿ ಧೂಳ ಹಿಡದಂಗ ಕಾಣತಿತ್ತು. ಎಣ್ಣಿ ಹಚ್ಚಿಬಿಟ್ನಿ."

"ಇದು ಸ್ವೇಡ್, ಕಸ್ತೂರೆವ್ವ. ತೊಗಲಿನ ಒಳಮೈನ ಉಜ್ಜಿ ಉಜ್ಜಿ ಹೊರಗ ಮಾಡಿರತಾರ. ಸಣ್ಣ ಎಳಿ ನಿಂತಿರೂದರಾಗ ಅದರ ಚಂದ. ನೀರು, ಎಣ್ಣಿ ಬಿದ್ರ ಗಟಗಟ ಕುಡಿತೈತಿ. ಒಣ ಬ್ರಷ್ ಒಂದ ಸಾಕು ಇದಕ್ಕ."

ಧಾರವಾಡದಲ್ಲಿ ಓದುವಾಗ ನನ್ನ ಕೈಚೀಲವೂ ಇದೇ ತೊಗಲಿನದು. ಒಂದೇ ಮಳೆಗೆ ಹಾಳಾಗಿತ್ತು.

ಕಸ್ತೂರೆವ್ವನ ಮಗಳು ಗೌರಾಬಾಯಿ ಬಾಗಿಲಲ್ಲೇ ನಿಂತುಬಿಟ್ಟಳು. "ಯವ್ವಾ! ಲಗ್ನಕ್ಕಂತ ಪುಣೆದಿಂದ ತರಿಸ್ಯಾರ. ಯಾರಿಗೂ ಮುಟ್ಟಗೊಡಂಗಿಲ್ಲ!"

ಮೊದಲ ದೀಪಾವಳಿಗೆ ಅಳಿಯ ಮುನಿಸಿಕೊಂಡು ಎದ್ದುಹೋದರೆ, ಆ ಮಾತು ಮಗಳ ಬೆನ್ನಿಗೆ ವರ್ಷಗಟ್ಟಲೆ ಅಂಟಿರುತ್ತದೆ. ಎಣ್ಣೆ ಹೀರಲೆಂದು ಜೋಳದ ಹಿಟ್ಟು ಉದುರಿಸಿ ನೋಡಿದೆವು. ಹಿಟ್ಟು ಒದ್ದೆಯಾಯಿತು, ಕಲೆ ಹೋಗಲಿಲ್ಲ.

ಅಷ್ಟರಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ರಾವಸಾಹೇಬ ಹೊರಗೆ ಬಂದ. ಹಿಟ್ಟು ಮೆತ್ತಿದ ಬೂಟನ್ನೇ ನೋಡಿದ.

"ಇದೇನ್ರಿ ಅತ್ತಿ, ಹಬ್ಬಕ್ಕ ಬೂಟಿನ ರೊಟ್ಟಿ ಏನು?"

ಯಾರೂ ನಗಲಿಲ್ಲ. ಕಸ್ತೂರೆವ್ವ ಸೆರಗಿನಲ್ಲಿ ಕಣ್ಣೊರೆಸುತ್ತ ಇದ್ದದ್ದು ಇದ್ದಂತೆ ಹೇಳಿದಳು. ಅವನು ಬಾಗಿ ಕಪ್ಪಾದ ಬೂಟಿನ ಹಿಟ್ಟು ಕೊಡವಿದ.

"ನನಕಿಂತ ಮೊದಲ ಅದರ ಎಣ್ಣಿಸ್ನಾನ ಆತು, ಅಷ್ಟ ಹೌದಲ್ರಿ?" ಎಂದ. "ಒಂದಕ್ಕಷ್ಟ ಹಚ್ಚಿದ್ರ ಇನ್ನೊಂದು ಮುನಿಸಿಕೊಳ್ತೈತಿ. ಅದಕ್ಕೂ ಹಚ್ರಿ."

ಗೌರಾಬಾಯಿ ಕಿಸಕ್ಕನೆ ನಕ್ಕಳು. ಕಸ್ತೂರೆವ್ವ ನಂಬದವಳಂತೆ ನನ್ನ ಮುಖ ನೋಡಿ, ಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿದಳು.

ರಾವಸಾಹೇಬ ಒಣ ಬೂಟು ಎತ್ತಿಕೊಂಡ. ಹೆಬ್ಬೆರಳಿನಿಂದ ಅದರ ಮೇಲೆ ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಸವರಿದ. ಎಳೆ ಮಲಗಿ ಎದ್ದಂತೆ ಬಣ್ಣ ಗಾಢವಾಗಿ ಮತ್ತೆ ತಿಳಿಯಾಯಿತು. ಆಮೇಲೆ ಅತ್ತೆಯ ಕೈಗೆ ಕೊಟ್ಟ. ಬಟ್ಟಲಿನ ಮೇಲೆ ಬಾಗಿದ್ದ ಅವಳು, ಅವನು ಹಾಗೆ ಸವರಿದ್ದನ್ನು ನೋಡಲಿಲ್ಲ.