ವೆಲಿಕಾಳ ಬೀದಿ

ದಾಫಿನಾ ಪೊರಕೆಯನ್ನು ಒತ್ತಿ ಎಳೆದಷ್ಟೂ ಬೀದಿಯ ಕಲೆ ಅಗಲವಾಗುತ್ತಿತ್ತು. ಮರದಿಂದುದುರಿದ ಹಿಪ್ಪುನೇರಳೆ ಹಣ್ಣುಗಳು ಕಡ್ಡಿಗಳಡಿ ಸಿಕ್ಕಿ ಒಡೆದು, ಕಲ್ಲುಹಾಸಿನ ಸಂದುಗಳಿಗೆಲ್ಲ ಮಸಿಯಂತೆ ಇಳಿಯುತ್ತಿದ್ದವು. ಅವಳ ಕರಿಯ ಲಂಗದ ಅಂಚೂ ಒದ್ದೆ, ಹೊಸ ಬೂಟೂ ಅಂಟು. ಒಳಗೆ ನಡುಕೋಣೆಯಲ್ಲಿ, ಪೆಟ್ಟಿಗೆಯೊಳಗೆ, ಅವಳ ಅಮ್ಮ ವೆಲಿಕಾ ಕೈಜೋಡಿಸಿಕೊಂಡು ಮಲಗಿದ್ದಳು. ಒಂದು ಗಂಟೆಗೆ ಎತ್ತುವುದೆಂದು ಪಾದ್ರಿಗಳು ಹೇಳಿದ್ದರು. ಮೂವತ್ತೊಂದು ವರ್ಷ ಈ ಬೀದಿಯನ್ನು ಗುಡಿಸಿದವಳು ಇಂಥ ರಾಡಿಯ ಮೇಲೆ ಹೊರಡಬೇಕೇ? ನಿನ್ನೆ ಬೆಳಗಿನಿಂದ ಒಬ್ಬರೂ, ಒಬ್ಬರೆಂದರೆ ಒಬ್ಬರೂ, ತಮ್ಮ ಬಾಗಿಲ ಮುಂದಿನದನ್ನಾದರೂ ಬಳಿದಿರಲಿಲ್ಲ. ಮರಮರಕ್ಕೂ ಅಮ್ಮನ ಫೋಟೋದ ಸಾವಿನ ಚೀಟಿ ಅಂಟಿಸಲು ಬಿಡುವಿತ್ತು, ಪೊರಕೆ ಹಿಡಿಯಲು ಇರಲಿಲ್ಲ.

ಎದುರಿನ ಬ್ರೆಡ್ಡಿನಂಗಡಿಯ ತ್ಸೋನಾ ಅಜ್ಜಿ ರಸ್ತೆ ದಾಟಿ ಬಂದು ಪೊರಕೆಯ ಹಿಡಿಯನ್ನು ಹಿಡಿದುಕೊಂಡಳು.

"ಕೊಡೇ ಇಲ್ಲಿ. ಹೆಣ ಮನೇಲಿರುವಾಗ ಯಾರಾದ್ರೂ ಗುಡಿಸ್ತಾರೇನೇ?"

"ಮನೆ ಗುಡಿಸ್ತಿಲ್ಲ ಅಜ್ಜಿ. ಇದು ಬೀದಿ."

"ಮತ್ತೆ ಅವಳ ಮನೆ ಯಾವ್ದು? ಆ ಎರಡು ಕೋಣೇನಾ? ಅಲ್ಲಿಗೆ ನಿದ್ದೆ ಮಾಡೋಕೆ ಹೋಗ್ತಿದ್ಲು, ಅಷ್ಟೆ."

ದಾಫಿನಾಳ ಕೈ ಸಡಿಲವಾಯಿತು. ಅಜ್ಜಿ ಲಂಗಕ್ಕೆ ಕೈಯೊರೆಸುತ್ತ ನಡೆದದ್ದನ್ನೆಲ್ಲ ಹೇಳಿದಳು. ನಿನ್ನೆ ನಗರಸಭೆಯವರು ಬೀದಿ ತೊಳೆಯಲು ನೀರಿನ ಲಾರಿ ಕಳಿಸಿದ್ದರಂತೆ. ಅಜ್ಜಿ ಒಲೆಯಿಂದ ಬ್ರೆಡ್ಡು ತೆಗೆಯುವ ಉದ್ದನೆಯ ಮರದ ಹುಟ್ಟು ಹಿಡಿದು ಅದರ ಮುಂದೆ ನಿಂತಳಂತೆ. ಲಾರಿ ಹಿಂದಕ್ಕೆ ಹೋಯಿತು. ಆಮೇಲೆ ಅವಳು ಮನೆಮನೆಯ ಬಾಗಿಲು ತಟ್ಟಿ, ವೆಲಿಕಾ ತಿರುವು ದಾಟುವ ತನಕ ಯಾರೂ ಕಸಕ್ಕೆ ಕೈ ಹಾಕಕೂಡದೆಂದು ಹೇಳಿ ಬಂದಳು. ಹೀಗೆ ಯಾವ ಕಾನೂನಿನಲ್ಲಿದೆ ಎಂದು ನೋಟರಿ ಗ್ರುದೋವ್ ಕೇಳಿದನಂತೆ. ನಿನ್ನ ಕಾನೂನು ಹುಟ್ಟುವ ಮೊದಲಿನಿಂದಲೂ ಇದೆಯೆಂದು ಇವಳು ಹೇಳಿದ ಮೇಲೆ ಅವನೂ ತನ್ನ ಹೆಂಡತಿಯ ಕೈಯಿಂದ ಪೊರಕೆ ಇಸಿದುಕೊಂಡು ಬಚ್ಚಿಟ್ಟನಂತೆ.

"ನಾನು ಇವರಿಗೆಲ್ಲ ಅಮ್ಮ ಅಂದ್ರೆ ತಾತ್ಸಾರ ಅಂದ್ಕೊಂಡಿದ್ದೆ" ಎಂದಳು ದಾಫಿನಾ.

ಅಜ್ಜಿ ಅವಳನ್ನು ಒಂದು ಗಳಿಗೆ ನೋಡಿದಳು. "ಇವರಿಗೋ?" ಎಂದಷ್ಟೇ ಹೇಳಿ, ಪೊರಕೆಯನ್ನು ಗೋಡೆಗೊರಗಿಸಿ ಹೋದಳು.

*

ದಾಫಿನಾಗೆ ಆಗ ಹತ್ತು ವರ್ಷ. ಗೆಳತಿಯರ ಜೊತೆ ಶಾಲೆಗೆ ಹೋಗುವ ದಾರಿಯೂ ಇದೇ. ಔಷಧಿ ಅಂಗಡಿಯ ಮುಂದೆ ಕಿತ್ತಳೆ ಬಣ್ಣದ ಕೋಟು ತೊಟ್ಟು ಅಮ್ಮ ಗುಡಿಸುತ್ತಿದ್ದಳು. ದಾಫಿನಾ ನಡಿಗೆಯ ವೇಗ ಹೆಚ್ಚಿಸಿ, ಎದುರುಬದಿಯ ಮರದಲ್ಲಿ ಯಾವುದೋ ಹಕ್ಕಿಯನ್ನು ತೋರಿಸಿ, ಗೆಳತಿಯರ ಮುಖವನ್ನೆಲ್ಲ ಆ ಕಡೆ ತಿರುಗಿಸಿದಳು. ಅಲ್ಲಿ ಹಕ್ಕಿಯೇ ಇರಲಿಲ್ಲ.

ಮರುದಿನದಿಂದ ಅವಳಿಗೆ ಹಕ್ಕಿ ತೋರಿಸುವ ಕಷ್ಟವೇ ಬರಲಿಲ್ಲ. ಹುಡುಗಿಯರ ದನಿ ಕೇಳಿದ ಕೂಡಲೇ ಅಮ್ಮ ಗೋಡೆಯ ಕಡೆ ತಿರುಗಿ, ಅವರು ದಾಟಿ ಹೋಗುವವರೆಗೂ ಆ ಒಂದೇ ಮೂಲೆಯನ್ನು ಗುಡಿಸುತ್ತಿದ್ದಳು.

ಮನೆಯಲ್ಲಿ ಅದರ ಮಾತೇ ಬರಲಿಲ್ಲ. ಒಮ್ಮೆ, ಇದೇ ಹಣ್ಣಿನ ಕಾಲದಲ್ಲಿ, ಒಡೆಯದ ಹಾಗೆ ಗುಡಿಸಲು ಮಣಿಕಟ್ಟನ್ನು ಹೇಗೆ ತಿರುಗಿಸಬೇಕು, ಬಾ, ತೋರಿಸ್ತೀನಿ ಎಂದು ಅಮ್ಮ ಕರೆದಳು. ತಾನು ಓದಬೇಕೆಂದು ದಾಫಿನಾ ಕೋಣೆಯ ಬಾಗಿಲು ಹಾಕಿಕೊಂಡಳು. ಚೆನ್ನಾಗಿಯೇ ಓದಿದಳು. ಈಗ ಪಕ್ಕದ ಊರಿನಲ್ಲಿ ಹಲ್ಲಿನ ಸೆಟ್ಟು ಮಾಡುತ್ತಾಳೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬಾಯಿಗೆ ಒತ್ತುವಂಥ ಕೆಲಸ. ನೀವೇನು, ಅಚ್ಚಿಗೆ ಸುರಿದು ತೆಗೆದರಾಯಿತು ಎಂದು ಯಾರಾದರೂ ಅಂದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

*

ಒಂದು ಗಂಟೆಗೆ ಪೆಟ್ಟಿಗೆ ಎದ್ದಿತು. ಹೊಸಿಲು ದಾಟುವಾಗ ತ್ಸೋನಾ ಅಜ್ಜಿ ಪದ್ಧತಿಯಂತೆ ಮಣ್ಣಿನ ಮಡಕೆಯನ್ನು ನೆಲಕ್ಕೆ ಅಪ್ಪಳಿಸಿದಳು. ಹೊತ್ತ ನಾಲ್ವರಲ್ಲಿ ನೋಟರಿ ಗ್ರುದೋವ್ ಮುಂದಿದ್ದ. ಮೂರು ಹೆಜ್ಜೆ ಹೋಗುವಷ್ಟರಲ್ಲಿ ಅವನ ಕಾಲು ಹಣ್ಣಿನ ಮೇಲೆ ಜಾರಿತು. ಪೆಟ್ಟಿಗೆ ವಾಲಿತು, ನೆಟ್ಟಗಾಯಿತು.

"ನಿಧಾನ, ನಿಧಾನ" ಎಂದ ಹಿಂದಿನವನು. "ಇಷ್ಟು ವರ್ಷದಲ್ಲಿ ಈ ಬೀದೀಲಿ ಯಾರಾದ್ರೂ ಜಾರಿದ್ದು ನೆನಪಿದೆಯೇನಯ್ಯಾ ನಿಂಗೆ?"

"ಇಲ್ಲ" ಎಂದ ಗ್ರುದೋವ್, ಏದುಸಿರು ಬಿಡುತ್ತ. "ಅದೇ ಯೋಚಿಸ್ತಿದ್ದೆ."

ಆಮೇಲೆ ಎಲ್ಲರೂ ಬಾತುಕೋಳಿಗಳಂತೆ ಕಾಲಗಲಿಸಿ ನಡೆದರು. ಪಾದ್ರಿಗಳು ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು ಮಂತ್ರ ಹೇಳಿದರು. ಮೆರವಣಿಗೆ ಇಗರ್ಜಿ ಮುಟ್ಟಿದಾಗ ಅದರ ಬಿಳಿಯ ಮೆಟ್ಟಿಲುಗಳ ಮೇಲೆ ನಲವತ್ತು ಜನರ ಊದಾ ಹೆಜ್ಜೆಗಳು ಮೂಡಿದವು.

ಮಣ್ಣು ಕೊಟ್ಟಾದ ಮೇಲೆ ಸತ್ತವಳ ಹೆಸರಲ್ಲಿ ಬೇಯಿಸಿದ ಗೋಧಿ ಹಂಚಿದರು, ವೈನು ಕುಡಿದರು. ವೆಲಿಕಾ ನರಳಲಿಲ್ಲ, ಯಾರಿಗೂ ಹೊರೆಯಾಗಲಿಲ್ಲ, ರಾತ್ರಿ ಮಲಗಿದವಳು ಏಳಲಿಲ್ಲ, ಅಷ್ಟೇ. ಅಂಥ ಸಾವು ತಮಗೂ ಬರಲೆಂದು ಮುದುಕಿಯರು ಶಿಲುಬೆ ಗುರುತು ಮಾಡಿಕೊಂಡರು.

*

ಅಮ್ಮನ ನಿವೃತ್ತಿಗೆ ಒಂದು ವರ್ಷ ಮೊದಲು, ರಜೆಗೆ ಬಂದ ದಾಫಿನಾ ಬೆಳಗಿನ ಬಸ್ಸಿನಿಂದ ಇಳಿದಾಗ ಅಮ್ಮ ಗುಡಿಸಿ ಮುಗಿಸಿ, ತಿರುವಿನ ಬೆಂಚಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನಾನೂರು ಹೆಜ್ಜೆಯುದ್ದದ ಕಲ್ಲುಹಾಸು ಈಗಷ್ಟೇ ಮಿಂದು ಬಂದ ಹಾಗಿತ್ತು.

"ಮನೆಗೆ ಹೋಗೋಣ ಬಾಮ್ಮ" ಎಂದಳು ಮಗಳು.

"ಇರು ಸ್ವಲ್ಪ. ಇನ್ನರ್ಧ ಗಂಟೆಗೆ ಎಲ್ಲ ಎದ್ದು ತುಳೀತಾರೆ. ತುಳೀಲಿ, ಅದಕ್ಕೇ ತಾನೆ ಇರೋದು. ಅಲ್ಲೀವರೆಗೂ ಇದು ನಂದು."

ದಾಫಿನಾ ಸೂಟ್‌ಕೇಸಿನ ಮೇಲೆ ಕುಳಿತಳು. ಅಮ್ಮನ ಮುಖದಲ್ಲಿ ರಾಣಿಯೊಬ್ಬಳು ಉಪ್ಪರಿಗೆಯಿಂದ ತನ್ನ ಸೀಮೆಯನ್ನು ನೋಡುವಂಥ ನೆಮ್ಮದಿಯಿತ್ತು.

*

ಮೂರೂವರೆಗೆ ತ್ಸೋನಾ ಅಜ್ಜಿ ವೆಲಿಕಾಳ ಎರಡೂ ಕೋಣೆಗಳನ್ನು ಗುಡಿಸಿ, ಇನ್ನು ಯಾರು ಬೇಕಾದರೂ ಪೊರಕೆ ಹಿಡಿಯಬಹುದು ಎಂದು ಬಾಗಿಲಿಂದ ಕೂಗಿದಳು. ಒಬ್ಬೊಬ್ಬರಾಗಿ ಬಂದರು. ಅಂಗಿಯ ತೋಳು ಮಡಚಿದರು, ಟೈ ಬಿಚ್ಚಿದರು. ಔಷಧಿ ಅಂಗಡಿಯವಳು ಬೂದಿ ತಂದಳು. ಬೂದಿ ಬಿದ್ದಲ್ಲೆಲ್ಲ ಬೀದಿ ಕೆಸರುಗದ್ದೆಯಾಯಿತು.

"ಬೂದಿ ಅಲ್ಲ" ಎಂದ ಗ್ರುದೋವ್. "ಮರ ಕೊಯ್ದ ಹೊಟ್ಟು. ಹೊಟ್ಟು ಹಾಕಿ ಹತ್ತು ನಿಮಿಷ ಸುಮ್ಮನೆ ಕೂತಿರ್ತಿದ್ರು. ಅದು ರಸ ಹೀರ್ಕೊಂಡ ಮೇಲೇನೇ ಪೊರಕೆ."

ಎಲ್ಲರೂ ಅವನತ್ತ ತಿರುಗಿದರು.

"ನನ್ನ ಮೇಜು ಕಿಟಕಿ ಹತ್ರ ಇದೆ" ಎಂದ ಅವನು, ತಪ್ಪೊಪ್ಪಿಕೊಳ್ಳುವವನ ಹಾಗೆ. "ಹತ್ತೊಂಬತ್ತು ವರ್ಷ ಕಾಫಿ ಕುಡೀತಾ ನೋಡಿದೀನಿ. ಆದ್ರೆ ಆಮೇಲೆ ಕೈಯನ್ನ ಏನೋ ಮಾಡ್ತಿದ್ರು. ಅದು ಮಾತ್ರ ಗೊತ್ತಾಗ್ಲಿಲ್ಲ. ನೀನು ಮಗಳಲ್ವೇನಮ್ಮ, ನೀನು ತೋರಿಸು."

ಬಡಗಿಯ ಮನೆಯಿಂದ ಹೊಟ್ಟು ಬಂತು, ಹರಡಿದರು, ಕಾದರು. ದಾಫಿನಾ ಪೊರಕೆ ಹಿಡಿದು ಮಣಿಕಟ್ಟನ್ನು ಒಂದು ಕಡೆ ತಿರುಗಿಸಿದಳು, ಇನ್ನೊಂದು ಕಡೆ ತಿರುಗಿಸಿದಳು. ಹಣ್ಣು ಒಡೆಯಿತು.

"ನಂಗೆ ಬರಲ್ಲ" ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಅಮ್ಮ ಕಲಿಸ್ತೀನಿ ಅಂದಿದ್ಲು. ಕಸ ಗುಡಿಸೋಳ ಮಗಳು ಅನ್ನಿಸ್ಕೊಳ್ಳೋಕೆ ನಾಚಿಕೆಯಾಗಿ ನಾನೇ ಬೇಡ ಅಂದೆ."

ತ್ಸೋನಾ ಅಜ್ಜಿ ಬಂದು ಅವಳ ಪಕ್ಕದಲ್ಲೇ ಇನ್ನೊಂದು ಹಿಡಿ ಹೊಟ್ಟು ಚೆಲ್ಲಿದಳು. "ಇನ್ನೊಂದ್ಸಲ ಮಾಡು. ಒತ್ತಬೇಡ."

ಒತ್ತದೆ ಮಾಡಿದಳು. ಹತ್ತರಲ್ಲಿ ಆರು ಹಣ್ಣು ಒಡೆಯದೆ ಉರುಳಿದವು. ಆಮೇಲೆ ಏಳು. ಹನ್ನೆರಡು ಜನ ಅವಳ ಕೈ ನೋಡಿ ನೋಡಿ ಗುಡಿಸಿದರು. ಸೊಂಟ ಹಿಡಿದುಕೊಂಡರು, ಒಬ್ಬರ ಪೊರಕೆಯನ್ನು ಇನ್ನೊಬ್ಬರು ಆಡಿಕೊಂಡರು, ದಾಫಿನಾ ಒಮ್ಮೆ ಜೋರಾಗಿ ನಕ್ಕಳು. ಬಿಸಿಲು ಇಳಿಯುವ ಹೊತ್ತಿಗೆ ಒಂದು ಮಂಚದಷ್ಟು ಜಾಗ ಶುಭ್ರವಾಗಿತ್ತು. ಹನ್ನೆರಡೂ ಜನ ಅದರ ಸುತ್ತ ನಿಂತು ನೋಡಿದರು. ಯಾರೂ ಅದರ ಮೇಲೆ ಕಾಲಿಡಲಿಲ್ಲ.

ಮೇಲಿಂದ ಹಣ್ಣೊಂದು ಕಳಚಿ ಆ ಕಲ್ಲುಗಳ ನಟ್ಟನಡುವೆ ಬಿತ್ತು. ನೋಟರಿ ಗ್ರುದೋವ್ ಮೊಣಕಾಲೂರಿ, ಕೈ ಚಾಚಿ, ಎರಡು ಬೆರಳಲ್ಲಿ ಅದನ್ನೆತ್ತಿಕೊಂಡ. ಎಲ್ಲಿ ಹಾಕುವುದೆಂದು ತೋಚದೆ ಒಂದು ಗಳಿಗೆ ಆಚೆ ಈಚೆ ನೋಡಿ, ತನ್ನ ಬಿಳಿಯ ಅಂಗಿಯ ಜೇಬಿನೊಳಗೆ ಮೆಲ್ಲಗೆ ಇಳಿಬಿಟ್ಟ.